ರೂಪಾಯಿಯ ಬೆಲೆ ಏಕೆ ಇಳಿಯುತ್ತದೆ? ತೋಟಗಾರನಿಗೆ ಅದರಿಂದ ಏನಾಗುತ್ತದೆ?

ತುಮಕೂರು ತಾಲ್ಲೂಕಿನ ಕೋರ ಹೋಬಳಿಯಲ್ಲಾಗಲಿ, ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಾಗಲಿ ರೈತನ ಜೀವನಕ್ಕೆ ಆಧಾರವಾದ ಬೆಳೆಗಳು ತೆಂಗು, ಅಡಿಕೆ, ರಾಗಿ ಮತ್ತು ಕಡಲೆಕಾಯಿ. ಈ ಬೆಳೆಗಳನ್ನು ರೂಪಾಯಿಗೆ ಮಾರುತ್ತೇವೆ, ಕೂಲಿಯನ್ನು ರೂಪಾಯಿಯಲ್ಲಿ ಕೊಡುತ್ತೇವೆ. ಹೀಗಿರುವಾಗ ಡಾಲರಿನ ಏರಿಳಿತಕ್ಕೂ ನಮ್ಮ ತೋಟಕ್ಕೂ ಏನು ಸಂಬಂಧ ಎಂದು ಅನೇಕ ರೈತ ಬಾಂಧವರು ಕೇಳುವುದುಂಟು. ಆದರೆ ತೆಂಗಿನ ಬುಡಕ್ಕೆ ಹಾಕುವ ಪೊಟ್ಯಾಷ್ ಕೆನಡಾ, ರಷ್ಯ, ಬೆಲಾರೂಸ್, ಜೋರ್ಡಾನ್, ಇಸ್ರೇಲ್ ಮುಂತಾದ ದೇಶಗಳಿಂದ ಹಡಗಿನಲ್ಲಿ ಬರುತ್ತದೆ. ಅದರ ಬೆಲೆ ಡಾಲರಿನಲ್ಲಿ ನಿಗದಿಯಾಗುತ್ತದೆ. ಡೀಸೆಲ್ಲಿಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರಗಿನದು. ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಆದ್ದರಿಂದ ರೂಪಾಯಿಯ ಬೆಲೆ ಇಳಿದಾಗ ಆ ಸುದ್ದಿ ಪತ್ರಿಕೆಯಲ್ಲೇ ಉಳಿಯದೆ ಗೊಬ್ಬರದ ಚೀಲದ ಮೂಲಕ ಹೊಲಕ್ಕೂ ಬರುತ್ತದೆ.

ಬೆಳೆಯುತ್ತಿರುವ ದೇಶಗಳ ನಾಣ್ಯ ಆಗಾಗ್ಗೆ ಏಕೆ ಕುಸಿಯುತ್ತದೆ, ಆ ಕುಸಿತ ನಮ್ಮ ಬೇಸಾಯವನ್ನು ಯಾವ ದಾರಿಗಳಿಂದ ಮುಟ್ಟುತ್ತದೆ, ಅದಕ್ಕೆ ರೈತನು ಏನು ಮಾಡಬಹುದು ಎಂಬ ಮೂರು ವಿಷಯಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ನಾಣ್ಯದ ಬೆಲೆ ಎಂದರೇನು?

ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿಯ ಆವಕ ಹೆಚ್ಚಾಗಿ ಕೊಳ್ಳುವವರು ಕಡಿಮೆಯಾದರೆ ಕೊಬ್ಬರಿಯ ಬೆಲೆ ಇಳಿಯುತ್ತದೆ. ಆವಕ ಕಡಿಮೆಯಾಗಿ ಕೊಳ್ಳುವವರು ಹೆಚ್ಚಾದರೆ ಬೆಲೆ ಏರುತ್ತದೆ. ಡಾಲರಿನ ಕಥೆಯೂ ಇದೇ. ನಮ್ಮ ದೇಶಕ್ಕೆ ಡಾಲರನ್ನು ತರುವವರು ಸರಕು ಮತ್ತು ಸೇವೆಗಳನ್ನು ರಫ್ತು ಮಾಡುವವರು, ಹೊರದೇಶದಲ್ಲಿ ದುಡಿದು ಮನೆಗೆ ಹಣ ಕಳುಹಿಸುವವರು ಮತ್ತು ಇಲ್ಲಿ ಬಂಡವಾಳ ಹೂಡುವ ವಿದೇಶಿಯರು. ಡಾಲರನ್ನು ಕೇಳುವವರು ತೈಲ, ಗೊಬ್ಬರ, ಚಿನ್ನ, ಯಂತ್ರ ತರಿಸುವವರು, ವಿದೇಶಿ ಸಾಲ ತೀರಿಸುವವರು ಮತ್ತು ಹೂಡಿದ ಬಂಡವಾಳವನ್ನು ಹಿಂದಕ್ಕೆ ಒಯ್ಯುವವರು. ಕೇಳುವವರು ಹೆಚ್ಚಾದಾಗ ಡಾಲರಿನ ಬೆಲೆ ಏರುತ್ತದೆ. ಡಾಲರಿನ ಬೆಲೆ ಏರಿತು ಎಂದರೂ ರೂಪಾಯಿಯ ಬೆಲೆ ಇಳಿಯಿತು ಎಂದರೂ ಒಂದೇ ಮಾತು.

ಹಿಂದೆ ಈ ಬೆಲೆಯನ್ನು ಸರ್ಕಾರವೇ ಗೊತ್ತುಮಾಡುತ್ತಿತ್ತು. 1947ರಲ್ಲಿ ಒಂದು ಡಾಲರಿಗೆ ಸುಮಾರು ರೂ. 3.30 ಇದ್ದದ್ದು 1949ರ ಸೆಪ್ಟೆಂಬರಿನಲ್ಲಿ ರೂ. 4.76 ಆಯಿತು. 1966ರ ಜೂನ್ 6ರಂದು ಅದನ್ನು ರೂ. 7.50ಕ್ಕೆ ಏರಿಸಲಾಯಿತು. ಇಲ್ಲಿ ಲೆಕ್ಕದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅಂದು ರೂಪಾಯಿಯ ಬೆಲೆ ಶೇಕಡ 36.5ರಷ್ಟು ಇಳಿಯಿತು ಎಂದು ಹೇಳಲಾಯಿತು. ಆದರೆ ಹೊರಗಿನಿಂದ ಗೊಬ್ಬರ ಕೊಳ್ಳುವವನಿಗೆ ಡಾಲರು ಶೇಕಡ 57ಕ್ಕೂ ಹೆಚ್ಚು ದುಬಾರಿಯಾಯಿತು. ಎರಡೂ ಲೆಕ್ಕ ಸರಿಯೇ. ಕೊಳ್ಳುವವನು ಎರಡನೆಯ ಲೆಕ್ಕವನ್ನು ನೋಡಬೇಕು.

1993ರ ಮಾರ್ಚಿನಿಂದ ಈ ದರವು ಮಾರುಕಟ್ಟೆಯಲ್ಲಿ ನಿರ್ಧಾರವಾಗುತ್ತಿದೆ. ಏರಿಳಿತ ಅತಿಯಾದಾಗ ರಿಸರ್ವ್ ಬ್ಯಾಂಕು ತನ್ನಲ್ಲಿರುವ ಡಾಲರುಗಳನ್ನು ಮಾರಿ ಅಥವಾ ಹೊರಗಿನಿಂದ ಕೊಂಡು ಅದನ್ನು ಹತೋಟಿಗೆ ತರಲು ಯತ್ನಿಸುತ್ತದೆ. 2025ರ ಡಿಸೆಂಬರಿನಲ್ಲಿ ಡಾಲರಿನ ಬೆಲೆ ರೂ. 90ನ್ನು ದಾಟಿತು.

ನಾಣ್ಯವು ವರ್ಷವರ್ಷವೂ ಸ್ವಲ್ಪ ಸ್ವಲ್ಪ ಇಳಿದರೆ ವ್ಯಾಪಾರಿ, ರೈತ, ಸರ್ಕಾರ ಎಲ್ಲರೂ ಅದಕ್ಕೆ ಹೊಂದಿಕೊಳ್ಳುತ್ತಾರೆ. ಕೆಲವೇ ತಿಂಗಳುಗಳಲ್ಲಿ ಥಟ್ಟನೆ ಕುಸಿದರೆ ಹೊಂದಿಕೊಳ್ಳಲು ಕಾಲವೇ ಇರುವುದಿಲ್ಲ. ನಾಣ್ಯದ ಅಪಾಯ ಎನ್ನುವುದು ಇದನ್ನೇ.

ಕುಸಿತಕ್ಕೆ ಕಾರಣಗಳು

ವಿದೇಶಿ ವಿನಿಮಯದ ಸಂಗ್ರಹವನ್ನು ಒಂದು ಕೆರೆಗೆ ಹೋಲಿಸಿದರೆ ವಿಷಯ ಸುಲಭವಾಗಿ ತಿಳಿಯುತ್ತದೆ. ನಮ್ಮ ಜಿಲ್ಲೆಯ ಅನೇಕ ಕೆರೆಗಳಿಗೆ ಎರಡು ಬಗೆಯ ನೀರು ಬರುತ್ತದೆ. ಒಂದು, ಕೆರೆಯ ಸ್ವಂತ ಜಲಾನಯನದಲ್ಲಿ ಬಿದ್ದ ಮಳೆಯ ನೀರು. ಇನ್ನೊಂದು, ಹೇಮಾವತಿ ನಾಲೆಯಿಂದ ಬಿಡುವ ನೀರು. ರಫ್ತಿನ ಆದಾಯವೂ ದುಡಿಯುವ ಮಕ್ಕಳು ಕಳುಹಿಸುವ ಹಣವೂ ಸ್ವಂತ ಜಲಾನಯನದ ನೀರಿದ್ದಂತೆ. ವಿದೇಶಿ ಸಾಲ ಮತ್ತು ಷೇರುಪೇಟೆಗೆ ಬರುವ ವಿದೇಶಿ ಹಣ ನಾಲೆಯ ನೀರಿದ್ದಂತೆ. ಅದರ ತೂಬಿನ ಕೀಲಿ ನಮ್ಮ ಕೈಯಲ್ಲಿಲ್ಲ. ಹೋಲಿಕೆ ಒಂದು ಕಡೆ ಮಾತ್ರ ಹೊಂದುವುದಿಲ್ಲ. ಕೆರೆಗೆ ಬಂದ ನಾಲೆಯ ನೀರು ಹಿಂದಕ್ಕೆ ಹರಿಯುವುದಿಲ್ಲ, ಆದರೆ ಈ ಹಣ ಬಂದ ದಾರಿಯಲ್ಲೇ ಹಿಂದಿರುಗಬಲ್ಲದು. ಈ ಹೋಲಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಾರಣಗಳನ್ನು ಒಂದೊಂದಾಗಿ ನೋಡೋಣ.

1. ಆದಾಯಕ್ಕಿಂತ ಹೆಚ್ಚಿನ ವಿದೇಶಿ ಖರ್ಚು

ದೇಶವು ಹೊರಗಿನಿಂದ ಗಳಿಸುವುದಕ್ಕಿಂತ ಹೊರಗೆ ಖರ್ಚು ಮಾಡುವುದು ಹೆಚ್ಚಾದರೆ ಅದನ್ನು ಚಾಲ್ತಿ ಖಾತೆಯ ಕೊರತೆ ಎನ್ನುತ್ತಾರೆ. ಕೊರತೆ ಚಿಕ್ಕದಾಗಿದ್ದು, ತಂದ ಹಣ ಕಾರ್ಖಾನೆ, ರಸ್ತೆ, ನೀರಾವರಿಗೆ ಹೋದರೆ ತೊಂದರೆಯಿಲ್ಲ. ಅದು ದೊಡ್ಡದಾಗಿ ವರ್ಷಗಟ್ಟಲೆ ಮುಂದುವರಿದರೆ ದೇಶ ನಾಲೆಯ ನೀರನ್ನೇ ನಂಬಿ ಬೇಸಾಯ ಮಾಡಿದಂತಾಗುತ್ತದೆ. 2012-13ರಲ್ಲಿ ನಮ್ಮ ದೇಶದ ಈ ಕೊರತೆ ರಾಷ್ಟ್ರೀಯ ಉತ್ಪನ್ನದ ಶೇಕಡ 4.8ರಷ್ಟಾಗಿತ್ತು. ತೈಲ ಮತ್ತು ಚಿನ್ನದ ಆಮದು ಇದಕ್ಕೆ ಮುಖ್ಯ ಕಾರಣವಾಗಿದ್ದವು. ಮರುವರ್ಷವೇ ಅದರ ಫಲ ಕಂಡುಬಂತು.

2. ಪರರ ನಾಣ್ಯದಲ್ಲಿ ಮಾಡಿದ ಸಾಲ

ಒಬ್ಬ ರೈತ 10 ಗ್ರಾಂ ಚಿನ್ನವನ್ನು ಸಾಲವಾಗಿ ತಂದಿದ್ದಾನೆ, ಚಿನ್ನವನ್ನೇ ಹಿಂದಿರುಗಿಸಬೇಕು, ಆದರೆ ಅವನ ಸಂಪಾದನೆ ರಾಗಿಯಲ್ಲಿ ಎಂದು ಭಾವಿಸೋಣ. ತಂದಾಗ ಆ ಚಿನ್ನ 20 ಕ್ವಿಂಟಲ್ ರಾಗಿಗೆ ಸಮವಾಗಿತ್ತು. ತೀರಿಸುವಾಗ ಚಿನ್ನ ಏರಿ 30 ಕ್ವಿಂಟಲ್ ರಾಗಿಗೆ ಸಮವಾದರೆ, ಅವನು ಒಂದು ಗುಂಜಿಯಷ್ಟೂ ಹೊಸ ಸಾಲ ಮಾಡದಿದ್ದರೂ ಅವನ ಸಾಲ ಒಂದೂವರೆಯಷ್ಟಾಯಿತು. ಡಾಲರಿನಲ್ಲಿ ಸಾಲ ಮಾಡಿ ಸ್ವಂತ ನಾಣ್ಯದಲ್ಲಿ ಸಂಪಾದಿಸುವ ದೇಶಗಳ ಪಾಡೂ ಇದೇ. ಸಾಲ ಅಲ್ಪಾವಧಿಯದಾದರೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಎಲ್ಲರೂ ಒಂದೇ ಕಾಲಕ್ಕೆ ಬಂದು ಕೇಳುತ್ತಾರೆ.

3. ಬೇಡದ ದರವನ್ನು ಹಿಡಿದು ನಿಲ್ಲಿಸುವುದು

ಥಾಯ್ಲೆಂಡ್ ತನ್ನ ನಾಣ್ಯವಾದ ಬಾತನ್ನು ಒಂದು ಡಾಲರಿಗೆ ಸುಮಾರು 25ರಂತೆ ಬಹುಕಾಲ ಕಟ್ಟಿಹಾಕಿತ್ತು. ದರ ಬದಲಾಗದು ಎಂಬ ನಂಬಿಕೆಯಿಂದ ಅಲ್ಲಿನ ಕಂಪನಿಗಳು ಕಡಿಮೆ ಬಡ್ಡಿಯ ಡಾಲರ್ ಸಾಲ ತಂದು ಬ್ಯಾಂಕಾಕಿನ ನಿವೇಶನ, ಕಟ್ಟಡಗಳ ಮೇಲೆ ಸುರಿದವು. ರಫ್ತು ಕುಗ್ಗಿತು. ದರವನ್ನು ಉಳಿಸಿಕೊಳ್ಳಲು ಸಂಗ್ರಹದ ಡಾಲರುಗಳನ್ನು ಖರ್ಚು ಮಾಡಿ ಸಾಲದೆ 1997ರ ಜುಲೈ 2ರಂದು ಬಾತನ್ನು ಬಿಟ್ಟುಕೊಡಬೇಕಾಯಿತು. 1998ರ ಜನವರಿಯ ಹೊತ್ತಿಗೆ ಡಾಲರಿಗೆ 50 ಬಾತ್‌ಗೂ ಹೆಚ್ಚು ಕೊಡಬೇಕಾಗಿತ್ತು. ಬೆಂಕಿ ನೆರೆಗೂ ಹಬ್ಬಿತು. ಇಂಡೋನೇಷ್ಯದ ರುಪಿಯಾ 1997ರ ಮಧ್ಯದಲ್ಲಿ ಡಾಲರಿಗೆ ಸುಮಾರು 2,400 ಇದ್ದದ್ದು ಆರೇಳು ತಿಂಗಳಲ್ಲಿ 10,000ವನ್ನು ದಾಟಿತು. ನಮ್ಮ ದೇಶದಲ್ಲಿ ವಿದೇಶಿ ಅಲ್ಪಾವಧಿ ಸಾಲದ ಮೇಲೆ ಹತೋಟಿ ಇದ್ದುದರಿಂದ ಆಗ ರೂಪಾಯಿ ಇಳಿಯಿತಾದರೂ ಮುರಿದು ಬೀಳಲಿಲ್ಲ.

4. ಹಣದುಬ್ಬರ ಮತ್ತು ಸರ್ಕಾರದ ಕೊರತೆ

ನಮ್ಮಲ್ಲಿ ಬೆಲೆಗಳು ವರ್ಷಕ್ಕೆ ಶೇಕಡ 6ರಂತೆ, ಕೊಳ್ಳುವ ದೇಶದಲ್ಲಿ ಶೇಕಡ 2ರಂತೆ ಏರಿದರೆ ನಮ್ಮ ಸರಕು ಅವರಿಗೆ ವರ್ಷ ವರ್ಷಕ್ಕೆ ದುಬಾರಿಯಾಗುತ್ತದೆ. ರಫ್ತು ಕುಗ್ಗಿ ಆಮದು ಹಿಗ್ಗುತ್ತದೆ. ಕೊನೆಗೆ ನಾಣ್ಯದ ಬೆಲೆ ಇಳಿದೇ ಈ ಅಂತರ ಸರಿಹೋಗಬೇಕು. ಸರ್ಕಾರವು ತೆರಿಗೆಯಿಂದ ಬಂದುದಕ್ಕಿಂತ ಬಹಳ ಹೆಚ್ಚು ಖರ್ಚು ಮಾಡಿದಾಗಲೂ ಬೇಡಿಕೆ ಹೆಚ್ಚಿ ಬೆಲೆ ಏರಿಕೆ ಮತ್ತು ಆಮದು ಎರಡೂ ಬೆಳೆಯುತ್ತವೆ.

5. ತೈಲದ ಬೆಲೆ, ಯುದ್ಧ ಮತ್ತು ಬರ

1990ರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ತೈಲದ ಬೆಲೆ ಏರಿತು. ಕೊಲ್ಲಿಯಲ್ಲಿದ್ದ ನಮ್ಮ ಜನ ದುಡಿಮೆ ಬಿಟ್ಟು ಹಿಂದಿರುಗಿದ್ದರಿಂದ ಅವರು ಕಳುಹಿಸುತ್ತಿದ್ದ ಹಣವೂ ನಿಂತಿತು. 1991ರ ಜನವರಿಯಲ್ಲಿ ದೇಶದ ವಿದೇಶಿ ವಿನಿಮಯದ ಸಂಗ್ರಹ ಸುಮಾರು 120 ಕೋಟಿ ಡಾಲರಿಗೆ ಇಳಿದಿತ್ತು. ಕೆಲವು ವಾರಗಳ ಆಮದಿಗೆ ಮಾತ್ರ ಅದು ಸಾಕಾಗುತ್ತಿತ್ತು. ಮೇ ತಿಂಗಳಲ್ಲಿ 20 ಟನ್ ಚಿನ್ನವನ್ನು ಹೊರಗೆ ಕಳುಹಿಸಿ ಹಣ ತರಲಾಯಿತು. ಜುಲೈನಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನ ಇಂಗ್ಲೆಂಡಿನ ಬ್ಯಾಂಕಿಗೆ ಅಡವಾಗಿ ಹೋಯಿತು. ಅದೇ ಜುಲೈ 1 ಮತ್ತು 3ರಂದು ಎರಡು ಹಂತಗಳಲ್ಲಿ ರೂಪಾಯಿಯನ್ನು ಅಪಮೌಲ್ಯಗೊಳಿಸಲಾಯಿತು. ಡಾಲರಿನ ಬೆಲೆ ಸುಮಾರು ರೂ. 21ರಿಂದ ಸುಮಾರು ರೂ. 26ಕ್ಕೆ ಏರಿತು.

ಬರದ ಪಾತ್ರವನ್ನು ರೈತರು ವಿಶೇಷವಾಗಿ ಗಮನಿಸಬೇಕು. ನಾಣ್ಯದ ಬೆಲೆ ಇಳಿದರೆ ನಮ್ಮ ಸರಕು ಹೊರಗಿನವರಿಗೆ ಅಗ್ಗವಾಗಿ ರಫ್ತು ಹೆಚ್ಚಬೇಕು ಎಂಬುದು 1966ರ ನಿರೀಕ್ಷೆಯಾಗಿತ್ತು. ಆದರೆ 1965-66 ಮತ್ತು 1966-67 ಎರಡೂ ಬರದ ವರ್ಷಗಳು. ಹೊಲದಲ್ಲಿ ಬೆಳೆಯೇ ಇಲ್ಲದಿದ್ದಾಗ ಮಾರುವುದೇನು? ಪಿ.ಎಲ್. 480 ಯೋಜನೆಯ ಅಮೆರಿಕದ ಗೋಧಿಯನ್ನೇ ಕಾಯಬೇಕಾಯಿತು. ನಾಣ್ಯದ ಭದ್ರತೆಯ ಒಂದು ಬೇರು ಹೊಲದಲ್ಲಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

6. ದೊಡ್ಡ ದೇಶದ ಬಡ್ಡಿ ಮತ್ತು ಜನರ ಅಂಜಿಕೆ

ಅಮೆರಿಕದಲ್ಲಿ ಬಡ್ಡಿ ಕಡಿಮೆಯಿದ್ದಾಗ ಅಲ್ಲಿನ ಹಣ ಹೆಚ್ಚು ಲಾಭ ಹುಡುಕಿ ನಮ್ಮಂಥ ದೇಶಗಳಿಗೆ ಬರುತ್ತದೆ. ಅಲ್ಲಿ ಬಡ್ಡಿ ಏರುವ ಸೂಚನೆ ಸಿಕ್ಕರೂ ಸಾಕು, ಹಿಂದಿರುಗುತ್ತದೆ. 2013ರ ಮೇ 22ರಂದು ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷರು ಸುಲಭ ಹಣದ ನೀತಿಯನ್ನು ಬಿಗಿಗೊಳಿಸುವ ಮಾತನ್ನಾಡಿದರು. ಆಗ ಡಾಲರಿಗೆ ಸುಮಾರು ರೂ. 55 ಇದ್ದದ್ದು ಆಗಸ್ಟ್ 28ರಂದು ರೂ. 68ನ್ನು ದಾಟಿತು. ಬ್ರೆಜಿಲ್, ಇಂಡೋನೇಷ್ಯ, ದಕ್ಷಿಣ ಆಫ್ರಿಕ, ತುರ್ಕಿ ದೇಶಗಳ ನಾಣ್ಯಗಳೂ ಕುಸಿದವು. ಇವೆಲ್ಲ ಹೊರಗಿನ ಹಣದಿಂದ ಕೊರತೆ ತುಂಬಿಕೊಳ್ಳುತ್ತಿದ್ದ ದೇಶಗಳು. ಚಿನ್ನದ ಆಮದಿಗೆ ಸುಂಕ ಹೆಚ್ಚಿಸಿ, ಅನಿವಾಸಿ ಭಾರತೀಯರ ಠೇವಣಿಗಳ ಮೂಲಕ ಸುಮಾರು 2,600 ಕೋಟಿ ಡಾಲರ್ ತಂದ ಮೇಲೆ ನಮ್ಮಲ್ಲಿ ಪರಿಸ್ಥಿತಿ ಹತೋಟಿಗೆ ಬಂತು.

ಇದಕ್ಕೆ ಅಂಜಿಕೆಯೂ ಸೇರಿಕೊಳ್ಳುತ್ತದೆ. ಏರಿ ಬಿರುಕು ಬಿಟ್ಟಿದೆ ಎಂಬ ಸುದ್ದಿ ಹಬ್ಬಿದರೆ ಎಲ್ಲರೂ ತಮ್ಮ ಗದ್ದೆಗೆ ಮೊದಲು ನೀರು ಹಾಯಿಸಿಕೊಳ್ಳಲು ತೂಬಿನ ಬಳಿ ನುಗ್ಗುತ್ತಾರೆ. ಬಿರುಕು ಸುಳ್ಳಾದರೂ ಕೆರೆ ಬರಿದಾಗುತ್ತದೆ. ಆದ್ದರಿಂದಲೇ ದೇಶಗಳು ದೊಡ್ಡ ಸಂಗ್ರಹವನ್ನು ಇಟ್ಟುಕೊಳ್ಳುತ್ತವೆ. 2024ರ ಸೆಪ್ಟೆಂಬರಿನಲ್ಲಿ ನಮ್ಮ ಸಂಗ್ರಹ 70,000 ಕೋಟಿ ಡಾಲರನ್ನು ದಾಟಿತ್ತು. ಹೊರದೇಶಗಳಲ್ಲಿ ದುಡಿಯುವ ಭಾರತೀಯರು ಕಳುಹಿಸಿದ ಹಣ 2022ರಲ್ಲಿ ಮೊದಲ ಬಾರಿಗೆ 10,000 ಕೋಟಿ ಡಾಲರನ್ನು ಮೀರಿತು. 1991ರ ಸ್ಥಿತಿಗೂ ಇದಕ್ಕೂ ಬಹಳ ಅಂತರವಿದೆ. ಆದರೂ ರೂಪಾಯಿ ಇಳಿಯುವುದು ನಿಂತಿಲ್ಲ.

ನೆರೆಯ ಶ್ರೀಲಂಕದ ಪಾಠ

ನಾಣ್ಯದ ಸಂಕಟ ಬೇಸಾಯವನ್ನು ಎಷ್ಟು ದೂರ ಎಳೆಯಬಲ್ಲದು ಎಂಬುದಕ್ಕೆ ಶ್ರೀಲಂಕದ ಉದಾಹರಣೆ ಸಾಕು. 2019ರ ಬಾಂಬ್ ಸ್ಫೋಟ ಮತ್ತು ಅನಂತರದ ಕೋವಿಡ್ಡಿನಿಂದ ಪ್ರವಾಸೋದ್ಯಮದ ಆದಾಯ ನಿಂತಿತು. ತೆರಿಗೆಗಳನ್ನು ತಗ್ಗಿಸಲಾಗಿತ್ತು. ವಿದೇಶಿ ಸಾಲದ ಕಂತುಗಳು ಎದುರಿಗಿದ್ದವು. ಇಂಥ ಕಾಲದಲ್ಲಿ 2021ರಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರಗಳ ಆಮದನ್ನೇ ನಿಷೇಧಿಸಿತು. ಸಾವಯವ ಕೃಷಿಯ ಹೆಸರು ಹೇಳಿದರೂ ಡಾಲರ್ ಉಳಿಸುವುದೂ ಅದರ ಒಂದು ಕಾರಣವಾಗಿತ್ತು. ಬದಲಿ ಪೋಷಕಾಂಶಗಳ ಸಿದ್ಧತೆಯಿರಲಿಲ್ಲ. ಬತ್ತದ ಇಳುವರಿ ಬಿತ್ತು, ಚಹಾ ಬೆಳೆಗೂ ಪೆಟ್ಟಾಯಿತು. ನವೆಂಬರಿನಲ್ಲಿ ನಿಷೇಧವನ್ನು ಹಿಂತೆಗೆದುಕೊಂಡರೂ ಹಂಗಾಮು ಕೈತಪ್ಪಿತ್ತು. ಅಕ್ಕಿಯನ್ನು ಹೊರಗಿನಿಂದ ತರಿಸಲು ಇದ್ದ ಡಾಲರುಗಳೂ ಖರ್ಚಾದವು. 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲದ ಪಾವತಿಯನ್ನೇ ನಿಲ್ಲಿಸಲಾಯಿತು. ಡಾಲರಿಗೆ ಸುಮಾರು 200 ಇದ್ದ ಅಲ್ಲಿನ ರೂಪಾಯಿ ಮೇ ತಿಂಗಳ ವೇಳೆಗೆ 360ರ ಸುಮಾರಿಗೆ ಬಂತು. ಗೊಬ್ಬರದಲ್ಲಿ ಡಾಲರ್ ಉಳಿಸಲು ಹೋಗಿ ಅನ್ನಕ್ಕೆ ಡಾಲರ್ ಕೊಟ್ಟಂತಾಯಿತು.

ಕುಸಿತ ನಮ್ಮ ಹೊಲವನ್ನು ಮುಟ್ಟುವ ದಾರಿಗಳು

ಗೊಬ್ಬರ: ಯೂರಿಯದ ಮಾರಾಟ ಬೆಲೆಯನ್ನು ಸರ್ಕಾರವೇ ಗೊತ್ತುಮಾಡಿರುವುದರಿಂದ ಡಾಲರ್ ಏರಿದರೆ ಆ ಭಾರ ಸಹಾಯಧನದ ರೂಪದಲ್ಲಿ ಸರ್ಕಾರದ ಮೇಲೆ ಬೀಳುತ್ತದೆ. ಪೊಟ್ಯಾಷಿನ ವ್ಯವಸ್ಥೆ ಬೇರೆ. 2010ರ ಏಪ್ರಿಲ್ 1ರಿಂದ ಪೋಷಕಾಂಶದ ಕಿಲೋಗ್ರಾಂಗೆ ಇಷ್ಟು ಎಂದು ನಿಗದಿತ ಸಹಾಯಧನ ಕೊಡಲಾಗುತ್ತಿದೆ. ಸಹಾಯಧನವನ್ನು ಹೆಚ್ಚಿಸದಿದ್ದರೆ ಉಳಿದ ಏರಿಕೆ ರೈತನ ಪಾಲಿಗೆ ಬರುತ್ತದೆ. ಅದಕ್ಕೆ ಮೊದಲು ಟನ್ನಿಗೆ ರೂ. 4,455 ಇದ್ದ ಮ್ಯೂರಿಯೇಟ್ ಆಫ್ ಪೊಟ್ಯಾಷ್ 2012-13ರ ಹೊತ್ತಿಗೆ ರೂ. 16,000ವನ್ನು ದಾಟಿತು. ಹೊಸ ಪದ್ಧತಿ, ಜಾಗತಿಕ ಬೆಲೆ ಮತ್ತು ರೂಪಾಯಿಯ ಇಳಿತ ಮೂರೂ ಅದಕ್ಕೆ ಕಾರಣ.

ಒಂದು ಲೆಕ್ಕ ನೋಡೋಣ. ಕೋರ ಹೋಬಳಿಯ ರೈತರೊಬ್ಬರಿಗೆ ಎರಡು ಎಕರೆಯಲ್ಲಿ 100 ಫಲ ಕೊಡುವ ತೆಂಗಿನ ಮರಗಳಿವೆ ಎಂದಿಟ್ಟುಕೊಳ್ಳೋಣ. ಶಿಫಾರಸಿನಂತೆ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಬೇಕು. 1,200 ಗ್ರಾಂ ಪೊಟ್ಯಾಷಿಗೆ 2 ಕಿಲೋಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಹಾಕಬೇಕು. 100 ಮರಕ್ಕೆ 200 ಕಿಲೋಗ್ರಾಂ, ಅಂದರೆ 50 ಕಿಲೋಗ್ರಾಮಿನ ನಾಲ್ಕು ಚೀಲ. ಹಡಗಿನಿಂದ ಇಳಿದ ಪೊಟ್ಯಾಷಿನ ಬೆಲೆ ಟನ್ನಿಗೆ 300 ಡಾಲರ್ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಡಾಲರಿಗೆ ರೂ. 75 ಇದ್ದಾಗ ಚೀಲಕ್ಕೆ ರೂ. 1,125 ಬೀಳುತ್ತದೆ. ಡಾಲರಿಗೆ ರೂ. 90 ಆದರೆ ರೂ. 1,350 ಬೀಳುತ್ತದೆ. ಗಣಿಯವನು ಒಂದು ಸೆಂಟನ್ನೂ ಏರಿಸದೆ ಚೀಲಕ್ಕೆ ರೂ. 225, ನಾಲ್ಕು ಚೀಲಕ್ಕೆ ರೂ. 900 ಹೆಚ್ಚಾಯಿತು.

ಎಣ್ಣೆಕಾಳು ಮತ್ತು ಕೊಬ್ಬರಿ: ರೂಪಾಯಿ ಇಳಿದರೆ ಹೊರಗಿನ ತಾಳೆ ಎಣ್ಣೆ ದುಬಾರಿಯಾಗಿ ಕಡಲೆಕಾಯಿ ಬೆಳೆಯುವವನಿಗೆ ಅನುಕೂಲವಾಗಬೇಕು. ಆದರೆ ಗ್ರಾಹಕರಿಗೆ ಎಣ್ಣೆ ತುಟ್ಟಿಯಾದಾಗ ಸರ್ಕಾರ ಆಮದು ಸುಂಕ ಇಳಿಸುವುದುಂಟು. ಆಗ ಆ ಅನುಕೂಲ ಕರಗುತ್ತದೆ. 1994ರಲ್ಲಿ ಶೇಕಡ 65 ಇದ್ದ ಪಾಮೋಲಿನ್ ಸುಂಕ 1998ರ ಹೊತ್ತಿಗೆ ಶೇಕಡ 15ಕ್ಕೆ ಇಳಿದಿತ್ತು. ನಮ್ಮ ಉಂಡೆ ಕೊಬ್ಬರಿ ಎಣ್ಣೆಗಿಂತ ತಿನ್ನಲು ಉತ್ತರ ಭಾರತಕ್ಕೆ ಹೋಗುವುದೇ ಹೆಚ್ಚಾದ್ದರಿಂದ ಅದರ ಮೇಲೆ ಡಾಲರಿನ ನೇರ ಪ್ರಭಾವ ಕಡಿಮೆ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ ರೂ. 11,750 ಇದ್ದಾಗ ಮಾರುಕಟ್ಟೆಯ ಬೆಲೆ ಅದಕ್ಕಿಂತ ಬಹಳ ಕೆಳಗಿತ್ತು. ರೂಪಾಯಿ ಇಳಿದ ಕಾಲದಲ್ಲೂ ಕೊಬ್ಬರಿ ಬೆಲೆ ಬೀಳಬಹುದು ಎಂಬುದಕ್ಕೆ ಇದು ಸಾಕ್ಷಿ.

ಅಡಿಕೆ: ಇಲ್ಲಿ ನಮ್ಮ ರೂಪಾಯಿಗಿಂತ ನೆರೆಯವರ ನಾಣ್ಯದ ಮೇಲೆ ಕಣ್ಣಿಡಬೇಕು. ಅಡಿಕೆ ಬೆಳೆಯುವ ನೆರೆದೇಶದ ನಾಣ್ಯ ನಮ್ಮದಕ್ಕಿಂತ ವೇಗವಾಗಿ ಕುಸಿದರೆ ಅಲ್ಲಿನ ಅಡಿಕೆ ನಮಗೆ ಅಗ್ಗವಾಗುತ್ತದೆ. ಇದಕ್ಕೆ ತಡೆಯಾಗಿ ಆಮದು ಅಡಿಕೆಗೆ ಕನಿಷ್ಠ ಬೆಲೆಯಿದೆ. 2023ರ ಫೆಬ್ರವರಿಯಲ್ಲಿ ಅದನ್ನು ಕಿಲೋಗ್ರಾಂಗೆ ರೂ. 251ರಿಂದ ರೂ. 351ಕ್ಕೆ ಏರಿಸಲಾಯಿತು. ಈ ಬೆಲೆ ರೂಪಾಯಿಯಲ್ಲಿ ಗೊತ್ತಾಗಿರುವುದರಿಂದ ಹಣದುಬ್ಬರದೊಂದಿಗೆ ಅದರ ಬಲ ಕುಗ್ಗುತ್ತ ಹೋಗುತ್ತದೆ.

ಕರಾರಿನ ಬೆಳೆ: ಗರ್ಕಿನ್ ಎಂದು ಕರೆಯುವ ಮಿಡಿಸೌತೆಯನ್ನು ನಮ್ಮ ಜಿಲ್ಲೆಯ ರೈತರು ರಫ್ತು ಕಂಪನಿಗಳಿಗಾಗಿ ಕರಾರಿನ ಮೇಲೆ ಬೆಳೆಯುತ್ತಾರೆ. ಕಂಪನಿಗೆ ಡಾಲರ್ ಅಥವಾ ಯೂರೋ ಬರುತ್ತದೆ. ರೈತನಿಗೆ ಮೊದಲೇ ಗೊತ್ತುಮಾಡಿದ ರೂಪಾಯಿ ಬರುತ್ತದೆ. ಡಾಲರ್ ಏರಿದರೆ ಲಾಭ ಕರಾರಿನಲ್ಲಿ ಬರೆದಿದ್ದರೆ ಮಾತ್ರ ರೈತನಿಗೆ ತಲುಪುತ್ತದೆ. ಔಷಧ, ಬೀಜದ ಬೆಲೆಯ ಏರಿಕೆ ಮಾತ್ರ ಕರಾರು ನೋಡದೆಯೇ ಲೆಕ್ಕದಲ್ಲಿ ಕಡಿತವಾಗಬಹುದು.

ರಾಗಿ: ಬೆಳೆದವರೂ ಉಣ್ಣುವವರೂ ಹೆಚ್ಚಾಗಿ ನಾವೇ ಆದ್ದರಿಂದ ರಾಗಿಯ ಬೆಲೆಗೆ ಡಾಲರಿನ ಹಂಗು ಕಡಿಮೆ. ನಾಣ್ಯದ ಬಿರುಗಾಳಿಯ ಕಾಲದಲ್ಲಿ ಮನೆಯ ಕಣಜದಲ್ಲಿರುವ ರಾಗಿ ಒಂದು ಭದ್ರತೆ.

1992ರ ಅನುಭವ

1991ರ ಸಂಕಟದ ಬಳಿಕ ಸಹಾಯಧನದ ಹೊರೆ ಇಳಿಸಲು 1992ರ ಆಗಸ್ಟ್ 25ರಂದು ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಮೇಲಿನ ಬೆಲೆ ನಿಯಂತ್ರಣವನ್ನು ತೆಗೆಯಲಾಯಿತು. ಅವುಗಳ ಬೆಲೆ ಜಿಗಿಯಿತು. ಯೂರಿಯ ಅಗ್ಗವಾಗಿಯೇ ಉಳಿಯಿತು. ರೈತರು ಸಹಜವಾಗಿ ಅಗ್ಗದ ಚೀಲವನ್ನು ಎತ್ತಿಕೊಂಡರು. ದೇಶದಲ್ಲಿ 1991-92ರಲ್ಲಿ ಸಾರಜನಕ, ರಂಜಕ, ಪೊಟ್ಯಾಷಿನ ಬಳಕೆಯ ಪ್ರಮಾಣ 5.9 : 2.4 : 1 ಇದ್ದದ್ದು ಒಂದೇ ವರ್ಷದಲ್ಲಿ 9.5 : 3.2 : 1 ಆಯಿತು.

ತೆಂಗಿನ ತೋಟದಲ್ಲಿ ಈ ಹೆಜ್ಜೆ ಬಹಳ ಅಪಾಯಕರ. ತೆಂಗಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಪೊಟ್ಯಾಷ್. ಕಾಯಿಯ ಗಾತ್ರ, ಕೊಬ್ಬರಿಯ ತೂಕ, ಬರ ತಡೆಯುವ ಶಕ್ತಿ ಇವು ಅದನ್ನು ಅವಲಂಬಿಸಿವೆ. ಮರದ ಸುಳಿಯೊಳಗೆ ಹೊಂಬಾಳೆ ಮೊಳೆತು, ಹೊರಬಂದು, ಕಾಯಿ ಬಲಿಯಲು ಮೂರು ವರ್ಷಕ್ಕೂ ಹೆಚ್ಚು ಕಾಲ ಬೇಕು. ಆದ್ದರಿಂದ ಈ ವರ್ಷ ಪೊಟ್ಯಾಷ್ ನಿಲ್ಲಿಸಿದವನಿಗೆ ಈ ವರ್ಷವೇ ನಷ್ಟ ಕಾಣುವುದಿಲ್ಲ. ರೂ. 900 ಉಳಿಯಿತು ಎಂದೇ ತೋರುತ್ತದೆ. ಡಾಲರಿನ ಗಲಾಟೆಯನ್ನು ಜನ ಮರೆತ ಮೇಲೆ, ಎರಡು ಮೂರು ವರ್ಷಗಳ ಅನಂತರ, ಕಾಯಿ ಸಣ್ಣದಾಗಿ ಗೊನೆಯಲ್ಲಿ ಸಂಖ್ಯೆ ಇಳಿಯುತ್ತದೆ. ಆಗ ಗೊಬ್ಬರ ಹಾಕಿದರೂ ಮರ ಚೇತರಿಸಿಕೊಳ್ಳಲು ಮತ್ತೆ ಅಷ್ಟೇ ಕಾಲ ಬೇಕು. ಮುಂಗಡ ಕಾಣದ ಈ ನಷ್ಟವೇ ನಾಣ್ಯದ ಕುಸಿತದಿಂದ ತೋಟಗಾರನಿಗೆ ಆಗುವ ದೊಡ್ಡ ಹಾನಿ.

ರೈತರು ಏನು ಮಾಡಬಹುದು?

1. ಪೊಟ್ಯಾಷನ್ನು ಅಂಜಿಕೆಯಿಂದ ಕಡಿಮೆ ಮಾಡಬಾರದು, ಮಣ್ಣು ಪರೀಕ್ಷೆಯ ಆಧಾರದ ಮೇಲೆ ಕಡಿಮೆ ಮಾಡಬಹುದು. ಮಣ್ಣಿನಲ್ಲಿ ಪೊಟ್ಯಾಷ್ ಹೆಚ್ಚಿದ್ದರೆ ಶಿಫಾರಸಿನ ಪ್ರಮಾಣವನ್ನು ತಗ್ಗಿಸಲು ಅವಕಾಶವಿದೆ. ಕಡಿಮೆಯಿದ್ದರೆ ಬೇರೆ ಖರ್ಚನ್ನು ಮುಂದೂಡಿಯಾದರೂ ಅದನ್ನು ಕೊಡಬೇಕು.

2. ತೋಟದಿಂದ ಹೊರಹೋಗುವ ಪೊಟ್ಯಾಷನ್ನು ತಡೆಯಬೇಕು. ತೆಂಗಿನಕಾಯಿಯ ಸಿಪ್ಪೆಯಲ್ಲಿ ಪೊಟ್ಯಾಷ್ ಹೇರಳವಾಗಿದೆ. ಸಿಪ್ಪೆಯನ್ನು ಮಾರಿದರೆ ಪೊಟ್ಯಾಷನ್ನೂ ಮಾರಿದಂತೆ. ಅದನ್ನು ಪಾತಿಯಲ್ಲಿ ಅಥವಾ ಸಾಲುಗಳ ನಡುವಿನ ಕಾಲುವೆಯಲ್ಲಿ ಹೂಳಿದರೆ ತೇವವೂ ಉಳಿಯುತ್ತದೆ. ಗರಿಗಳನ್ನು ಸುಡದೆ ಹೊದಿಕೆಯಾಗಿ ಹಾಕಬೇಕು. ಒಲೆಯ ಬೂದಿಯನ್ನು ತಿಪ್ಪೆಗೆ ಹಾಕದೆ ಮರದ ಬುಡಕ್ಕೆ ಕೊಡಬೇಕು. ಮರಕ್ಕೆ ವರ್ಷಕ್ಕೆ 50 ಕಿಲೋಗ್ರಾಂ ಕೊಟ್ಟಿಗೆ ಗೊಬ್ಬರವನ್ನು ತಪ್ಪಿಸಬಾರದು.

3. ಸಾರಜನಕದ ಒಂದು ಭಾಗವನ್ನು ಹೊಲದಲ್ಲೇ ಬೆಳೆದುಕೊಳ್ಳಬಹುದು. ಸೆಣಬು, ಡಯಾಂಚ, ಹುರುಳಿಯನ್ನು ತೋಟದ ಸಾಲುಗಳಲ್ಲಿ ಬಿತ್ತಿ ಹೂ ಬಿಡುವ ಕಾಲಕ್ಕೆ ಮಣ್ಣಿಗೆ ಸೇರಿಸಬೇಕು. ಬದುಗಳ ಮೇಲೆ ಗ್ಲಿರಿಸಿಡಿಯ, ಹೊಂಗೆ ಬೆಳೆಸಿ ಸೊಪ್ಪು ಬಳಸಬೇಕು. ಆದರೆ ಈ ಸೊಪ್ಪು ಪೊಟ್ಯಾಷಿಗೆ ಪೂರ್ಣ ಬದಲಿಯಲ್ಲ.

4. ಗೊಬ್ಬರವನ್ನು ಎರಡು ಕಂತುಗಳಲ್ಲಿ ಕೊಡುವುದರಿಂದ ಕೊಳ್ಳುವ ಹಣವೂ ಎರಡಾಗಿ ಹಂಚಿಕೆಯಾಗುತ್ತದೆ. ಮುಂಗಾರಿನ ಆರಂಭದಲ್ಲಿ ಒಂದು ಭಾಗ, ಮಳೆಗಾಲದ ಕೊನೆಯಲ್ಲಿ ಉಳಿದದ್ದು.

5. ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಅಟ್ಟದ ಮೇಲೆ ಸುಮಾರು ವರ್ಷದ ಕಾಲ ಇಡಬೇಕಾಗುತ್ತದೆ. ಅಷ್ಟು ಕಾಲದಲ್ಲಿ ಬೆಲೆ ಎತ್ತ ಬೇಕಾದರೂ ಹೋಗಬಹುದು. ಆದ್ದರಿಂದ ಕಾಯಿಯ ಸ್ವಲ್ಪ ಭಾಗವನ್ನು ಹಸಿಕಾಯಿಯಾಗಿ ಮಾರುವುದು ಕ್ಷೇಮ. ಬೆಲೆ ಏರಿದೆ ಎಂದು ಮುಂದಿನ ವರ್ಷವೂ ಅದೇ ಬೆಲೆಯನ್ನು ನಂಬಿ ಟ್ರ್ಯಾಕ್ಟರ್ ಸಾಲ ಮಾಡಬಾರದು. ರೂಪಾಯಿಯನ್ನು ಹಿಡಿದು ನಿಲ್ಲಿಸಲು ಬಡ್ಡಿ ಏರಿಸುವ ಕಾಲದಲ್ಲಿ ಯಂತ್ರದ ಸಾಲದ ಬಡ್ಡಿಯೂ ಏರಬಹುದು.

6. ಕರಾರಿನ ಬೇಸಾಯಕ್ಕೆ ಸಹಿ ಹಾಕುವ ಮುನ್ನ ಎರಡು ಪ್ರಶ್ನೆ ಕೇಳಬೇಕು. ಬೀಜ, ಗೊಬ್ಬರ, ಔಷಧದ ಬೆಲೆ ಹಂಗಾಮಿನ ನಡುವೆ ಏರಿದರೆ ಯಾರ ಪಾಲು? ರಫ್ತಿನ ಬೆಲೆ ಏರಿದರೆ ನಮಗೇನು ಪಾಲು? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಬೇಕು. ಹತ್ತಾರು ರೈತರು ಒಟ್ಟಾಗಿ ಕೇಳಿದರೆ ಉತ್ತರ ಸಿಗುವ ಸಂಭವ ಹೆಚ್ಚು.

7. ಎಲ್ಲ ಜಮೀನನ್ನೂ ಮಾರುಕಟ್ಟೆಯ ಬೆಳೆಗೇ ಕೊಡದೆ ಮನೆಯ ಊಟಕ್ಕೆ ಬೇಕಾದ ರಾಗಿ, ಅವರೆ, ತೊಗರಿಗೆ ಸ್ವಲ್ಪ ನೆಲ ಉಳಿಸಿಕೊಳ್ಳಬೇಕು.

ಸಾರಾಂಶ

ಆದಾಯ ಮೀರಿದ ವಿದೇಶಿ ಖರ್ಚು, ಪರರ ನಾಣ್ಯದ ಅಲ್ಪಾವಧಿ ಸಾಲ, ಹಿಡಿದು ನಿಲ್ಲಿಸಿದ ದರ, ಹಣದುಬ್ಬರ, ತೈಲ ಮತ್ತು ಬರದ ಪೆಟ್ಟು, ಹೊರಗಿನ ಬಡ್ಡಿ ಮತ್ತು ಜನರ ಅಂಜಿಕೆ ಇವು ನಾಣ್ಯ ಕುಸಿಯಲು ಮುಖ್ಯ ಕಾರಣಗಳು. ಇವುಗಳಲ್ಲಿ ಒಂದೂ ರೈತನ ಕೈಯಲ್ಲಿಲ್ಲ. ಆದರೆ ಕುಸಿತ ಬಂದಾಗ ಯಾವ ಖರ್ಚನ್ನು ಕಡಿಯಬೇಕು, ಯಾವುದನ್ನು ಕಡಿಯಬಾರದು ಎಂಬ ತೀರ್ಮಾನ ಅವನದೇ. ಡಾಲರಿನ ಏರಿಳಿತ ತಿಂಗಳುಗಳ ಮಾತು. ತೆಂಗಿನ ಮರದ ಲೆಕ್ಕ ವರ್ಷಗಳದು. ಮುಂಗಾರಿಗೆ ಮೊದಲೇ ಮಣ್ಣಿನ ಮಾದರಿ ತೆಗೆದು ಹತ್ತಿರದ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕಳುಹಿಸಿ, ಬಂದ ವರದಿಯಂತೆ ಗೊಬ್ಬರದ ಪಟ್ಟಿ ಮಾಡಿಕೊಂಡು ಅನಂತರ ಅಂಗಡಿಗೆ ಹೋಗುವುದು ಎಲ್ಲ ರೀತಿಯಿಂದಲೂ ಹಿತಕರ.